ಹೆಂಟೆ ತುಳಿಯುವ ಹೊತ್ತು

“ಬಿಸಿ ಇರೋದು ಕುದುರೆ ಕಾಲಲ್ಲೋ, ನಿನ್ನ ತಲೇಲೋ?”

ಕೇಳಿದ ಥಾರ್ನ್‌ಲಿ ದೊರೆ ಉತ್ತರಕ್ಕೆ ಕಾಯಲಿಲ್ಲ. ಬೂಟಿನ ತುದಿಯಿಂದ ತಣ್ಣೀರಿನ ಬಕೆಟ್ಟನ್ನು ಒದ್ದ. ಲಾಯದ ಕಲ್ಲುಹಾಸಿನ ಮೇಲೆ ಮಂಡಿಯೂರಿ ಕೂತಿದ್ದ ಹೆಸ್ಟರ್ ಟ್ಯಾಪರಳ ಷರಾಯಿ ತೊಡೆಯವರೆಗೂ ನೆನೆಯಿತು. ಅವಳು ಏಳಲಿಲ್ಲ. ಲಿನೆಟ್ ಎಂಬ ಕಂದು ಹೆಣ್ಣುಕುದುರೆಯ ಎಡ ಮುಂಗಾಲು ಅವಳ ಎರಡೂ ಅಂಗೈಯೊಳಗಿತ್ತು. ಮಂಡಿಯ ಕೆಳಗೆ, ಹಿಂಬದಿಯ ನರದ ಮೇಲೆ, ಹೆಬ್ಬೆರಳಿನಷ್ಟು ಉದ್ದದ ಬಾವು, ಕಣ್ಣಿಗಿಂತ ಕೈಗೇ ತಿಳಿಯುವಂಥದು. ಆಗತಾನೇ ಒಲೆಯಿಂದ ತೆಗೆದ ರೊಟ್ಟಿಯ ಹಾಗೆ ಸುಡುತ್ತಿತ್ತು.

“ನೀವೇ ಒಂದ್ಸಲ ಕೈಯಿಟ್ಟು ನೋಡಿ ದೊರೆ. ಇವತ್ತು ಓಡ್ಸುದ್ರೆ ನರ ಕಿತ್ತೋಯ್ತದೆ.”

“ನಾನು ಕೈಯಿಡೋ ಹಾಗಿದ್ರೆ ನಿನ್ನನ್ನ ಯಾಕೆ ಇಟ್ಕೊಂಡಿದೀನಿ?” ದೊರೆ ಕೈಗವಸನ್ನು ಎಳೆದು ಸರಿಮಾಡಿಕೊಂಡ. “ಇವತ್ತು ಪೋಲೋ ಕಪ್ಪಿನ ಪಂದ್ಯ. ಎರಡನೇ ಚಕ್ಕರ್‌ಗೆ ಲಿನೆಟ್, ಕೊನೇ ಚಕ್ಕರ್‌ಗೂ ಲಿನೆಟ್. ಬಿಗಿಯಾಗಿ ಪಟ್ಟಿ ಕಟ್ಟು. ಇದೇ ರಾಗ ನಿಮ್ಮಪ್ಪನೂ ಹಾಡ್ತಿದ್ದ, ಗೊತ್ತಲ್ಲ? ಎಲ್ಲಿದಾನೆ ಈಗ?”

ಎಲ್ಲಿದ್ದಾನೆ ಅನ್ನುವುದು ದೊರೆಗೂ ಗೊತ್ತಿತ್ತು. ಲಾಯದ ಹಿಂದಿನ ಗುಡಿಸಲಿನಂಥ ಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ಬಿಡಿಸುತ್ತಾ ಕೂತಿದ್ದ. ಆ ಮನೆಯೂ ದೊರೆಯದೇ. ಲಾಯದಲ್ಲಿ ಕೆಲಸ ಇರುವ ತನಕ ಮನೆ, ಕೆಲಸ ಹೋದ ದಿನ ಮನೆಯೂ ಹೋದ ಹಾಗೆ. ಇಂಗ್ಲೆಂಡಿನ ಸಸೆಕ್ಸ್ ಗುಡ್ಡಗಳ ಸೀಮೆಯಲ್ಲಿ ಎಲ್ಲ ದೊಡ್ಡಮನೆಗಳದ್ದೂ ಅದೇ ಕಾನೂನು. ಎರಡನೇ ಮಹಾಯುದ್ಧ ಮುಗಿದು ಹತ್ತು ವರ್ಷವಾಗಿ ಲಂಡನ್ನಿನಲ್ಲಿ ಏನೇನೋ ಬದಲಾಗಿತ್ತಂತೆ. ಬದಲಾದದ್ದು ದೊರೆಯ ಎಸ್ಟೇಟಾದ ಥಾರ್ನ್‌ಲಿ ಪಾರ್ಕಿನ ಗೇಟು ದಾಟಿ ಒಳಗೆ ಬಂದಿರಲಿಲ್ಲ.

ದೊರೆ ಹುಟ್ಟಿದ್ದೇ ಕುದುರೆಯ ಬೆನ್ನ ಮೇಲೆ ಎಂದು ಪತ್ರಿಕೆಯವರು ಬರೆಯುತ್ತಿದ್ದರು. ಮೂರನೇ ವರ್ಷಕ್ಕೆ ಸವಾರಿ, ಹದಿನಾರಕ್ಕೆ ಪೋಲೋ ಕೋಲು, ಚಳಿಗಾಲವೆಲ್ಲ ಅರ್ಜೆಂಟೀನಾದಲ್ಲಿ ಆಟ, ಬೇಸಿಗೆಯಲ್ಲಿ ಊರಿಗೆ ಬಂದು ಕಪ್ಪು ಗೆಲ್ಲುವುದು. ಹೋದ ತಿಂಗಳು ಒಂದು ಪತ್ರಿಕೆಯಲ್ಲಿ ಅರ್ಧ ಪುಟದ ಫೋಟೋ ಬಂದಿತ್ತು: ಲಿನೆಟ್‌ಳ ಮೂತಿಗೆ ಕೆನ್ನೆಯೊತ್ತಿ ನಿಂತ ದೊರೆ. ‘ನನ್ನ ಕುದುರೆಗಳು ನನಗೆ ಮಕ್ಕಳಿದ್ದ ಹಾಗೆ, ಕಣ್ಣು ಕಟ್ಟಿದರೂ ಗುರುತು ಹಿಡಿಯುತ್ತೇನೆ.’ ಮೂರನೇ ವರ್ಷದಲ್ಲಿ ಅವನನ್ನು ಕುದುರೆಯ ಮೇಲೆ ಎತ್ತಿ ಕೂರಿಸಿದವನು ಹೆಸ್ಟರಳ ತಾತ. ಬಿದ್ದಾಗೆಲ್ಲ ಎತ್ತಿ ಮಣ್ಣು ಕೊಡವಿದವನು ಅವಳಪ್ಪ ರೂಬೆನ್. ಇದನ್ನು ಯಾವ ಪತ್ರಿಕೆಯವನೂ ಬರೆಯಲಿಲ್ಲ.

*

“ಬಾವು ಎಲ್ಲೈತೆ?” ರೂಬೆನ್ ಕೇಳಿದ. ಕೈಯಲ್ಲಿದ್ದ ಚಾಕು ನಿಂತಿತು.

ಹೆಸ್ಟರ್ ತನ್ನ ತೋಳಿನ ಮೇಲೆ ಬೆರಳಿಟ್ಟು ತೋರಿಸಿದಳು.

“ಬಾರ್ನಿಗೂ ಅಲ್ಲೇ ಆಗಿತ್ತು,” ಅಂದ ಮುದುಕ. ಮತ್ತೆ ಸಿಪ್ಪೆ ಬಿಡಿಸತೊಡಗಿದ.

ಬಾರ್ನಿ ಹೋದ ವರ್ಷದ ಕುದುರೆ. ಅದರ ಕಾಲು ಸರಿಯಿಲ್ಲ ಎಂದು ರೂಬೆನ್ ಮೂರು ಸಲ ಹೇಳಿದ್ದ. ಕೊನೆಯ ಸಲ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೇಳಿದ್ದ. ದೊರೆ ಕೇಳಲಿಲ್ಲ. ಐದನೇ ಚಕ್ಕರ್‌ನಲ್ಲಿ, ತುಂಬಿದ ಮೈದಾನದ ನಡುವೆ, ಬಾರ್ನಿಯ ಕಾಲು ಒಣಕಡ್ಡಿಯ ಹಾಗೆ ಮುರಿಯಿತು. ಬಟ್ಟೆಯ ಪರದೆ ಹಿಡಿದು ಅಲ್ಲೇ ಗುಂಡು ಹೊಡೆದರು, ದೊರೆಸಾನಿಯರು ಕಾಣಬಾರದಲ್ಲ. ಆಮೇಲೆ ಕ್ಲಬ್ಬಿನ ಸಮಿತಿಯ ಮುಂದೆ ದೊರೆ ಹೇಳಿದ: “ಕಾಲು ಸರಿಯಿಲ್ಲ ಅಂತ ನನಗೆ ಯಾರೂ ಹೇಳಲಿಲ್ಲ.” ಮೂವತ್ತೊಂಬತ್ತು ವರ್ಷ ಲಾಯದ ಲದ್ದಿ ಬಾಚಿದ ರೂಬೆನ್ ಟ್ಯಾಪರನ ಮಾತನ್ನು ಸಮಿತಿ ಕೇಳಲೇ ಇಲ್ಲ. ಕುದುರೆಯ ಗಾಯ ಮುಚ್ಚಿಟ್ಟವನು ಎಂದು ಬರೆದು, ಮೈದಾನದ ಹಗ್ಗದೊಳಗೆ ಕಾಲಿಡಕೂಡದು ಎಂದು ಅಪ್ಪಣೆ ಮಾಡಿತು. ತಲೆಯ ಮೇಲಿನ ಸೂರು ಉಳಿಯಲೆಂದು ಹೆಸ್ಟರ್ ಅಂಗಡಿಯ ಕೆಲಸ ಬಿಟ್ಟು ಬಂದು ಅಪ್ಪನ ಜಾಗಕ್ಕೆ ನಿಂತಳು.

ಅವತ್ತಿನಿಂದ ಮುದುಕ ಸಿಳ್ಳೆ ಹಾಕುವುದನ್ನು ಬಿಟ್ಟ. ಅದಕ್ಕೂ ಮುಂಚೆ ಹೇಗಿತ್ತೆಂದರೆ, ಲಿನೆಟ್ ಹುಟ್ಟಿದ ದಿನವೇ ಅವಳ ತಾಯಿ ಸತ್ತಿತ್ತು. ರೂಬೆನ್ ಎರಡು ಗಂಟೆಗೊಮ್ಮೆ ಎದ್ದು ಬಾಟಲಿಯಲ್ಲಿ ಹಾಲು ಕುಡಿಸಿ ಮರಿಯನ್ನು ಉಳಿಸಿದ್ದ. ಬಾಟಲಿ ಹಿಡಿದು ಬರುವಾಗೆಲ್ಲ ಎರಡು ಬೆರಳು ಬಾಯಿಗಿಟ್ಟು ಒಂದು ಸಿಳ್ಳೆ. ಬೆಳೆದು ದೊಡ್ಡದಾದ ಮೇಲೂ ಆ ಸಿಳ್ಳೆ ಕೇಳಿದರೆ ಲಿನೆಟ್ ಮೇವು ಬಿಟ್ಟು ಓಡಿ ಬರುತ್ತಿದ್ದಳು. ಈಗಲೂ ಸಂಜೆಯಾದರೆ ಕಿವಿ ನಿಮಿರಿಸಿ ಮನೆಯ ಕಡೆ ನೋಡುತ್ತಾಳೆ, ಪಾಪ. ಸಿಳ್ಳೆ ಮಾತ್ರ ಬರುವುದಿಲ್ಲ.

“ಏನ್ಮಾಡ್ಲಿ ಅಪ್ಪಾ?”

“ಏನೂ ಮಾಡ್ಬ್ಯಾಡ. ಬಾಯ್ಮುಚ್ಕೊಂಡಿರು. ಈ ವಯಸ್ನಾಗೆ ನನ್ನ ರೋಡಿಗೆ ಎಳೀಬ್ಯಾಡ.” ಇನ್ನೊಂದು ಆಲೂಗಡ್ಡೆ ಕೈಗೆತ್ತಿಕೊಂಡು, “ಆದ್ರೆ ಅದುನ್ನ ಸಾಯಿಸ್ಬ್ಯಾಡ ಕಣವ್ವ,” ಅಂದ.

ಒಳ್ಳೇ ಮಾತು! ಬಾಯೂ ಮುಚ್ಚಿಕೊಂಡಿರಬೇಕು, ಕುದುರೆಯೂ ಸಾಯಬಾರದು. ಹೆಸ್ಟರ್ ಲಾಯಕ್ಕೆ ವಾಪಸು ಹೋಗುತ್ತಾ ಯೋಚಿಸಿದಳು. ಲಿನೆಟ್‌ಳ ಪಕ್ಕದಲ್ಲಿ ಅವಳ ಅಕ್ಕ ಟ್ಯಾನ್ಸಿ ನಿಂತು ಹುಲ್ಲು ಅಗಿಯುತ್ತಿತ್ತು. ಒಂದೇ ತಾಯಿಯ ಮಕ್ಕಳು, ಒಂದೇ ಕಂದು ಬಣ್ಣ, ಮೈಮೇಲೆ ಒಂದು ಬಿಳಿ ಚುಕ್ಕೆಯೂ ಇಲ್ಲ. ಪೋಲೋ ಕುದುರೆಗಳೆಂದ ಮೇಲೆ ಕುತ್ತಿಗೆಯ ಕೂದಲನ್ನು ನುಣ್ಣಗೆ ಬೋಳಿಸಿರುತ್ತಾರೆ, ಬಾಲವನ್ನು ಮಡಿಸಿ ಕಟ್ಟಿರುತ್ತಾರೆ. ಹಾಗಾಗಿ ಹೊರಗಿನವರಿಗೆ ಎರಡೂ ಒಂದೇ. ಸಾಕಿದವರಿಗೆ ಮಾತ್ರ ಲಿನೆಟ್‌ಳ ಕುತ್ತಿಗೆಯ ಎಡಗಡೆ ಇರುವ ಸುಳಿ ಗೊತ್ತು. ಪಂದ್ಯದ ದಿನ ದೊರೆ ತಡವರಿಸಬಾರದೆಂದು ಲಿನೆಟ್‌ಳ ಕಾಲಿಗೆ ಕೆಂಪು ಪಟ್ಟಿ, ಟ್ಯಾನ್ಸಿಯ ಕಾಲಿಗೆ ನೀಲಿ ಪಟ್ಟಿ ಸುತ್ತುವ ರೂಢಿಯಿತ್ತು. ವಸಂತದಲ್ಲಿ ಒಂದು ದಿನ, ಪಟ್ಟಿಗಳನ್ನು ಒಗೆದು ಒಣಗಿಸಿ ಕಟ್ಟುವಾಗ ಹೆಸ್ಟರ್ ಅದಲುಬದಲು ಮಾಡಿಬಿಟ್ಟಿದ್ದಳು. ತಪ್ಪು ಗೊತ್ತಾಗಿ ಬೈಗುಳಕ್ಕೆ ಕಾಯುತ್ತಾ ನಿಂತವಳಿಗೆ ದೊರೆ ಟ್ಯಾನ್ಸಿಯ ಮೇಲಿಂದಿಳಿದು, “ಲಿನೆಟ್ ಇವತ್ತು ಭಾರಿ ಖುಷಿಯಲ್ಲಿದಾಳೆ,” ಅಂದಿದ್ದ.

ಕಣ್ಣು ಕಟ್ಟಿದರೂ ಗುರುತು ಹಿಡಿಯುತ್ತಾನಂತೆ, ಬೋಳಿಮಗ. ಹೆಸ್ಟರ್ ಕೆಂಪು ಪಟ್ಟಿಯ ಸುರುಳಿ ತೆಗೆದುಕೊಂಡು ಟ್ಯಾನ್ಸಿಯ ಕಾಲ ಬಳಿ ಕೂತಳು.

*

ಮೈದಾನದ ಅಂಚಿನಲ್ಲಿ ಕುದುರೆಗಳ ಸಾಲು. ಆಟದ ಒಂದೊಂದು ಸುತ್ತು, ಅಂದರೆ ಚಕ್ಕರ್, ಏಳು ನಿಮಿಷ, ಚಕ್ಕರ್‌ಗೊಂದು ಕುದುರೆ. ಗಂಟೆ ಹೊಡೆದ ಕೂಡಲೇ ಆಟಗಾರ ನಾಗಾಲೋಟದಲ್ಲಿ ಬಂದು, ಬೆವರಿ ನೊರೆ ಕಾರುವ ಕುದುರೆಯಿಂದ ಜಿಗಿದು, ಸಿದ್ಧವಾಗಿ ನಿಂತ ಇನ್ನೊಂದನ್ನು ಹತ್ತಿ ಹೊರಟುಬಿಡುತ್ತಾನೆ. ಇಳಿದ ಕುದುರೆಯ ಕಡೆ ತಿರುಗಿ ನೋಡುವ ಪುರಸೊತ್ತು ಯಾವ ದೊರೆಗೂ ಇರುವುದಿಲ್ಲ.

ಎರಡನೇ ಚಕ್ಕರ್‌ಗೆ ಥಾರ್ನ್‌ಲಿ ದೊರೆ ಬಂದ, ಕೆಂಪು ಪಟ್ಟಿ ನೋಡಿದ, ಹತ್ತಿದ, ಹೋದ.

ಪಕ್ಕದ ಸಾಲಿನಲ್ಲಿ ಎದುರಾಳಿ ತಂಡದ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದ ಜಾಬ್ ಪೆನ್‌ಫೋಲ್ಡ್ ಬಾಯಲ್ಲಿದ್ದ ಪೈಪನ್ನು ತೆಗೆದ. ಅವನೂ ರೂಬೆನ್ ಜೊತೆಯವನೇ, ಅವನಿಗೂ ಇನ್ನೊಬ್ಬ ದೊರೆಯ ಮನೆಯೇ ಸೂರು. ಹೋಗುತ್ತಿದ್ದ ಕುದುರೆಯನ್ನು ನೋಡಿದ, ಸಾಲಿನಲ್ಲಿ ನೀಲಿ ಪಟ್ಟಿ ಕಟ್ಟಿಕೊಂಡು ನಿಂತ ಕುದುರೆಯ ಕುತ್ತಿಗೆ ನೋಡಿದ, ಆಮೇಲೆ ಹೆಸ್ಟರಳ ಮುಖ ನೋಡಿದ.

“ಎಲಾ ಇವ್ಳ! ನಿನ್ ಗುಂಡಿಗೆ ಏನ್ ಕಲ್ಲಾ?”

“ಸುಮ್ಕಿರು ಜಾಬಣ್ಣ. ನಿನ್ ದಮ್ಮಯ್ಯ ಅಂತೀನಿ.”

“ನಾನ್ಯಾಕ್ ಬಾಯ್ಬುಡ್ಲಿ? ನಂಗೇನ್ ಗೊತ್ತು ಕುದ್ರೆ ವಿಚಾರ? ನಾನೇನ್ ಪೇಪರ್ನಾಗ್ ಬಂದೋನಾ?” ಎಂದು ಜಾಬ್ ಹೊಗೆ ನುಂಗಿ ಕೆಮ್ಮುತ್ತಾ ನಕ್ಕ.

ಟ್ಯಾನ್ಸಿ ಚೆನ್ನಾಗಿಯೇ ಓಡಿತು. ದೊರೆ ಎರಡು ಗೋಲು ಹೊಡೆದ. ದೂರದ ಹಗ್ಗದಾಚೆ, ಊರಿನ ಜನ ನಿಲ್ಲುವ ದಾರಿಯ ಮಗ್ಗುಲಲ್ಲಿ, ರೂಬೆನ್ ಕೋಲೂರಿ ನಿಂತಿದ್ದ. ಪ್ರತಿ ಪಂದ್ಯಕ್ಕೂ ಬರುತ್ತಿದ್ದ, ಪ್ರತಿ ಸಲವೂ ಹಗ್ಗದಿಂದ ಎರಡು ಮಾರು ಹಿಂದೆಯೇ ನಿಲ್ಲುತ್ತಿದ್ದ. ಮೂರನೇ ಚಕ್ಕರ್ ಮುಗಿದು ಅರ್ಧ ಆಟದ ಗಂಟೆ ಹೊಡೆದಾಗ ಹೆಸ್ಟರಳಿಗೆ ಅರ್ಧ ಉಸಿರು ಬಂದಂತಾಯಿತು. ಇನ್ನು ಕೊನೆಯ ಚಕ್ಕರ್‌ಗೂ ಟ್ಯಾನ್ಸಿಯನ್ನೇ ಕೊಟ್ಟರೆ ಮುಗಿಯಿತು. ಲಿನೆಟ್ ಬದುಕುತ್ತಾಳೆ, ಮನೆಯೂ ಉಳಿಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ದೊರೆ ಬಂದ. ಒಬ್ಬನೇ ಅಲ್ಲ. ಕ್ಲಬ್ಬಿನ ಕಾರ್ಯದರ್ಶಿ, ಮುತ್ತಿನ ಸರದ ಇಬ್ಬರು ದೊರೆಸಾನಿಯರು, ಪಂದ್ಯದ ತೀರ್ಪುಗಾರನಾದ ಒಬ್ಬ ನಿವೃತ್ತ ಕರ್ನಲ್ ಜೊತೆಗಿದ್ದರು.

“ಇವಳೇ ನೋಡಿ,” ದೊರೆ ಕೋಲಿನ ತುದಿಯಿಂದ ಹೆಸ್ಟರಳ ಭುಜ ತಟ್ಟಿದ. “ಬೆಳಗ್ಗೆ ನನಗೇ ಪಾಠ ಹೇಳಿದ್ಲು. ಲಿನೆಟ್ ಕಾಲು ಹೋಗಿದೆಯಂತೆ, ಓಡಿಸಿದ್ರೆ ಸತ್ತೇ ಹೋಗುತ್ತಂತೆ! ಓಡ್ತಾ ಇಲ್ವಾ? ನೀವೇ ನೋಡಿದ್ರಲ್ಲ?”

“ಗಾಳಿಯ ಹಾಗೆ,” ಅಂದಳು ಒಬ್ಬ ದೊರೆಸಾನಿ.

“ಅಪ್ಪನ ಬುದ್ಧಿ. ಕೆಲಸ ತಪ್ಪಿಸೋಕೆ ಕುದುರೆ ಕುಂಟು ಅನ್ನೋದು, ಏನಾದ್ರೂ ಆದ್ರೆ ನಾನು ಮೊದಲೇ ಹೇಳಿದ್ದೆ ಅನ್ನೋದು. ಬಾರ್ನಿ ವಿಷಯದಲ್ಲೂ ಇದೇ ಆಗಿದ್ದು.” ದೊರೆ ಕಾರ್ಯದರ್ಶಿಯ ಕಡೆ ತಿರುಗಿ, ಮತ್ತೆ ಹೆಸ್ಟರ್ ಕಡೆ ತಿರುಗಿದ. ಅವನಿಗೆ ತಮಾಷೆಯೆನಿಸಿತ್ತು. “ಎಲ್ಲರೂ ಇದಾರೆ. ಬಾಯಿಬಿಟ್ಟು ಹೇಳಿಬಿಡು. ಅಪ್ಪ ಸುಳ್ಳು ಹೇಳಿದ, ನಾನೂ ಸುಳ್ಳು ಹೇಳಿದೆ ಅಂತ. ಅಷ್ಟೇ.”

ಹೆಸ್ಟರ್ ಬಗ್ಗಿ ಖಾಲಿ ಬಕೆಟ್ಟನ್ನು ಎತ್ತಿಕೊಂಡಳು.

“ಕೇಳಿಸಲಿಲ್ವಾ? ಹೇಳ್ತೀಯೋ, ಇಲ್ಲ ನಾಳೆ ಬೆಳಗ್ಗೆ ಮನೆ ಕೀಲಿಕೈ ನನ್ನ ಮೇಜಿನ ಮೇಲಿರಬೇಕೋ? ಆಟ ಶುರುವಾಗೋದ್ರೊಳಗೆ ಬಂದು ಹೇಳು. ಅಲ್ಲಿ, ಎಲ್ಲರ ಮುಂದೆ.”

ಅವರು ನಗುತ್ತಾ ಮೈದಾನದೊಳಕ್ಕೆ ನಡೆದರು. ಅದು ಹೆಂಟೆ ತುಳಿಯುವ ಹೊತ್ತು. ಗೊರಸುಗಳು ಕಿತ್ತೆಸೆದ ಹುಲ್ಲಿನ ಹೆಂಟೆಗಳನ್ನು ಅರ್ಧ ಆಟದ ಬಿಡುವಿನಲ್ಲಿ ನೋಡಲು ಬಂದ ದೊಡ್ಡವರೇ ಇಳಿದು, ಗುಂಡಿಗೆ ಮಗುಚಿ, ಕಾಲಿನಿಂದ ಒತ್ತಿ ಕೂರಿಸುವುದು ಅಲ್ಲಿಯ ಪದ್ಧತಿ. ಕೈಯಲ್ಲಿ ಮದ್ಯದ ಲೋಟ, ಕಾಲಲ್ಲಿ ಹೊಳೆಯುವ ಷೂ. ವರ್ಷಕ್ಕೆ ನಾಲ್ಕು ಸಲ ಅವರು ಮಾಡುವ ಮಣ್ಣಿನ ಕೆಲಸ ಇದೊಂದೇ.

“ಹೇಳ್ಬುಡು ಮಗ,” ಜಾಬ್ ಹತ್ತಿರ ಬಂದು ಪಿಸುಗುಟ್ಟಿದ. “ಬಾಯ್ಮಾತು ತಾನೆ? ರೂಬೆನ್ ಏನೂ ಅನ್ಕಳಲ್ಲ.”

“ನೀನ್ ಅವತ್ತು ಇದ್ದೆ ಜಾಬಣ್ಣ. ಅಪ್ಪ ಟೋಪಿ ತೆಗ್ದು ಬೇಡ್ಕೊಂಡಿದ್ನ ನೀನ್ ನೋಡಿಲ್ವಾ?”

ಜಾಬ್ ಮುಖ ತಿರುಗಿಸಿದ. ನೋಡಿದ್ದ. ಸಮಿತಿಯ ಮುಂದೆ ಹೋಗಿ ಹೇಳಿರಲಿಲ್ಲ.

“ಹೆಂಡ್ರು ಮಕ್ಳು ಕಣವ್ವ,” ಅಂದ.

“ಗೊತ್ತು ಬುಡು. ಎರಡ್ ಬಕೆಟ್ ನೀರ್ ತತ್ತಾ. ಅಷ್ಟಾದ್ರೂ ಮಾಡು.”

ಅವಳು ಎರಡೂ ಕುದುರೆಗಳ ಜೀನು ಬಿಚ್ಚಿದಳು. ಕೆಂಪು ಪಟ್ಟಿ ಬಿಚ್ಚಿದಳು, ನೀಲಿ ಪಟ್ಟಿ ಬಿಚ್ಚಿದಳು, ಎರಡನ್ನೂ ಒಟ್ಟಿಗೆ ಮುದುಡಿ ಎಸೆದಳು. ಜಾಬ್ ಯಾಕೆಂದು ಕೇಳದೆಯೇ ಎರಡರ ಮೈಮೇಲೂ ನೀರು ಸುರಿದ, ಬೆವರು, ಜೀನಿನ ಗುರುತು ಎಲ್ಲ ಹೋಗುವ ಹಾಗೆ. ಅವಳು ಎರಡೂ ಕುದುರೆಗಳ ಹಗ್ಗ ಬಿಚ್ಚಿ ಕೈಗೆ ತೆಗೆದುಕೊಂಡಳು.

*

ಆಳುಮಕ್ಕಳು ಹೆಂಟೆ ತುಳಿಯುವ ಹೊತ್ತಿನಲ್ಲಿ ಮೈದಾನಕ್ಕೆ ಇಳಿಯುವಂತಿಲ್ಲ. ಹೆಸ್ಟರ್ ಇಳಿದಳು. ಎಡಗೈಯಲ್ಲೊಂದು ಕುದುರೆ, ಬಲಗೈಯಲ್ಲೊಂದು ಕುದುರೆ. ನೆನೆದ ಷರಾಯಿ, ಕೆಸರು ಬೂಟು. ಟೋಪಿಗಳು ಒಂದೊಂದಾಗಿ ಅವಳ ಕಡೆ ತಿರುಗಿದವು. ನಿಧಾನಕ್ಕೆ ನಡೆದರೆ ಲಿನೆಟ್‌ಳ ಕುಂಟು ಕಾಣುತ್ತಿರಲಿಲ್ಲ. ಅವಳು ನಿಧಾನಕ್ಕೇ ನಡೆದಳು.

“ಹೇಳೋಕೆ ಬಂದ್ಲು ನೋಡಿ,” ಅಂದ ದೊರೆ. “ಕುದುರೆ ಯಾಕೆ ತಂದೆ?”

“ಹೇಳ್ತೀನಿ ದೊರೆ, ನೀವ್ ಹೇಳ್ದಂಗೇ ಹೇಳ್ತೀನಿ. ನಮ್ಮಪ್ಪ ಸುಳ್ಳ, ನಾನೂ ಸುಳ್ಳಿ ಅಂತ ಇಲ್ಲೇ ಕೂಗಿ ಹೇಳ್ತೀನಿ.” ಅವಳ ದನಿ ಅವಳಿಗೇ ಹೊಸದಾಗಿ ಕೇಳಿತು. “ಅದುಕ್ಕೂ ಮುಂಚೆ ನೀವೊಂದ್ ಮಾತು ಹೇಳ್ಬೇಕು. ಇವೆರಡ್ರಾಗೆ ಲಿನೆಟ್ ಯಾವ್ದು?”

ದೊರೆಯ ಕಣ್ಣು ಕೂಡಲೇ ಕುದುರೆಗಳ ಕಾಲಿಗೆ ಹೋಯಿತು. ನಾಲ್ಕು ಮುಂಗಾಲು, ನಾಲ್ಕೂ ಬರಿಗಾಲು.

“ಇದೇನು ಹುಚ್ಚಾಟ? ತಗೊಂಡ್ಹೋಗು ಇವನ್ನ.”

“ಅಯ್ಯೋ ಹೇಳಿ ಐವರ್, ಪಾಪ ಹುಡುಗಿ ಕೇಳ್ತಿದಾಳೆ,” ಮುತ್ತಿನ ಸರದವಳೊಬ್ಬಳು ದೊರೆಯನ್ನು ಹೆಸರು ಹಿಡಿದು ಕರೆದು ನಕ್ಕಳು. “ಕಣ್ಣು ಕಟ್ಟಿದ್ರೂ ಹೇಳ್ತೀರಲ್ಲ ನೀವು? ಪೇಪರಲ್ಲಿ ಓದಿದೀನಿ.”

ಸುತ್ತ ಸಣ್ಣದೊಂದು ಗುಂಪೇ ಸೇರಿತು. ಹೇಳದೆ ಹೋಗುವ ಹಾಗಿರಲಿಲ್ಲ. ದೊರೆ ಒಂದರ ಮುಖ ನೋಡಿದ, ಇನ್ನೊಂದರ ಮುಖ ನೋಡಿದ. ಕುದುರೆಗಳೂ ಅವನನ್ನು ನೋಡಿದವು. ಒಂದು ಹಿಂದಕ್ಕೆ ಸರಿದು ಅವನ ಕೋಲಿಗೆ ಹೆದರಿ ತಲೆ ಎತ್ತಿತು. ಅವನು ಬೇಸರದವನಂತೆ ಮುಖ ಮಾಡಿ, ಹೆಸ್ಟರಳ ಬಲಗಡೆಯದನ್ನು ಕೋಲಿನಿಂದ ತೋರಿಸಿದ.

“ಇದು. ಲಿನೆಟ್. ಆಯ್ತಾ? ಈಗ ಒದರು.”

“ಅದು ಟ್ಯಾನ್ಸಿ,” ಅಂದಳು ಹೆಸ್ಟರ್. “ಎರಡ್ನೇ ಚಕ್ಕರ್ನಾಗೆ ನೀವ್ ಓಡ್ಸಿದ್ದೂ ಟ್ಯಾನ್ಸೀನೇ. ಕೆಂಪು ಪಟ್ಟಿ ನಾನೇ ಬದ್ಲಾಯ್ಸಿ ಕಟ್ಟಿದ್ದೆ. ನೀವು ಪಟ್ಟಿ ಹತ್ಕೊಂಡೋದ್ರಿ ದೊರೆ, ಕುದ್ರೆ ಅಲ್ಲ.”

ಯಾರೋ ಹಿಂದಿನಿಂದ ಕಿಸಕ್ಕೆಂದರು. ದೊರೆಯ ಕುತ್ತಿಗೆ ಕೆಂಪಾಗುತ್ತಾ ಕಿವಿಯವರೆಗೂ ಏರಿತು.

“ಸುಳ್ಳಿ! ಕರ್ನಲ್, ಇವಳು ಕುಡಿದಿದಾಳೆ. ಅಪ್ಪನ ಹಾಗೇ ಹಲ್ಕಾ ಸುಳ್ಳಿ. ಇದೇ ಲಿನೆಟ್. ನನ್ನ ಕುದುರೆ ನನಗೆ ಗೊತ್ತಿಲ್ವಾ? ಏನಿದೆ ಸಾಕ್ಷಿ?”

ಸಾಕ್ಷಿ! ಲಾಯದವಳ ಮಾತಿಗೆ ಯಾವ ಸಾಕ್ಷಿ? ಸುಳಿ ತೋರಿಸಬಹುದಿತ್ತು, ಆದರೆ ಯಾವ ಸುಳಿ ಯಾವ ಕುದುರೆಯದೆಂದು ಹೇಳುವವಳಾದರೂ ಅವಳೇ ತಾನೆ? ಹೆಸ್ಟರ್ ಸಾಲಿನ ಕಡೆ ತಿರುಗಿ ನೋಡಿದಳು. ಜಾಬ್ ಸಾಲಿನ ಹತ್ತಿರವೇ ಟೋಪಿ ಹಿಸುಕುತ್ತಾ ನಿಂತಿದ್ದ.

ಆಗ ದೂರದ ಹಗ್ಗದಾಚೆಯಿಂದ ಸಿಳ್ಳೆ ಕೇಳಿಸಿತು. ಒಂದೇ ಸಲ, ಉದ್ದಕ್ಕೆ.

ಬಲಗಡೆಯ ಕುದುರೆ ಬಾಗಿ ಹುಲ್ಲು ಕಚ್ಚಿತು. ಎಡಗಡೆಯದು ಮೈಯೆಲ್ಲ ಒಮ್ಮೆ ಅದುರಿ, ಎರಡು ಕಿವಿಯನ್ನೂ ನೆಟ್ಟಗೆ ನಿಲ್ಲಿಸಿತು. ಹೆಸ್ಟರ್ ಎಡಗೈಯ ಹಗ್ಗ ಬಿಟ್ಟುಬಿಟ್ಟಳು.

ಲಿನೆಟ್ ಓಡಿದಳು. ಓಡಿದ್ದೆಂದರೇನು, ಮೂರು ಕಾಲಲ್ಲಿ ಓಟ, ಒಂದರಲ್ಲಿ ನೋವು. ಎಡಗಾಲು ನೆಲ ಮುಟ್ಟಿದಾಗೆಲ್ಲ ತಲೆ ಮೇಲಕ್ಕೆ ಹಾರುತ್ತಿತ್ತು. ಲೋಟ ಹಿಡಿದವರು ದಾರಿ ಬಿಟ್ಟು ಸರಿದರು. ಕುರುಡನಿಗೂ ಕಾಣುವಂಥ ಕುಂಟು ಅದು. ಇಡೀ ಮೈದಾನ ನೋಡುತ್ತಿದ್ದಂತೆ ಅವಳು ಕುಂಟುತ್ತಾ ಕುಂಟುತ್ತಾ ಹೋಗಿ ಹಗ್ಗದ ಮೇಲಿಂದ ಕುತ್ತಿಗೆ ಚಾಚಿ ಮುದುಕನ ಎದೆಗೆ ಮೂತಿ ಗುದ್ದಿದಳು.

ರೂಬೆನ್ ಕೋಲನ್ನು ಕೆಳಗೆ ಹಾಕಿದ. ಹಗ್ಗ ಎತ್ತಿ, ಬೆನ್ನು ಬಗ್ಗಿಸಿ, ಒಳಗೆ ಕಾಲಿಟ್ಟ.

“ಟ್ಯಾಪರ್! ಆಚೆ ನಡಿ! ಸಮಿತಿ ಅಪ್ಪಣೆ ಇದೆ!” ದೊರೆ ಕಿರುಚಿದ.

ಮುದುಕ ಕೇಳಿಸಿಕೊಂಡಂತೆ ಕಾಣಲಿಲ್ಲ. ಮಂಡಿಯೂರಿ ಲಿನೆಟ್‌ಳ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡ. ಆಮೇಲೆ ತಲೆಯೆತ್ತಿ, ಒಂದು ವರ್ಷದಿಂದ ಯಾರೂ ಕೇಳದ ದನಿಯಲ್ಲಿ ಕೂಗಿದ: “ಕರ್ನಲ್ ಸಾಯೇಬ್ರೇ, ಬಂದ್ ಕೈಯಿಟ್ ನೋಡಿ! ಬಾರ್ನೀದೂ ಇಲ್ಲೇ ಸುಡ್ತಿತ್ತು! ಅವತ್ತೂ ಹೇಳಿದ್ದೆ!”

“ಹೇಳಿದ್ದ! ಮೂರ್ ಸಲ ಹೇಳಿದ್ದ, ನಾನ್ ನೋಡಿವ್ನಿ!” ಸಾಲಿನ ಕಡೆಯಿಂದ ಜಾಬ್‌ನ ಕೆಮ್ಮಿನ ದನಿ ಬಂತು.

ಕರ್ನಲ್ ಲೋಟವನ್ನು ಪಕ್ಕದವರ ಕೈಗೆ ಕೊಟ್ಟ. ಆಮೇಲೆ ಕೈಗವಸು ಕಳಚುತ್ತಾ ಹಗ್ಗದ ಕಡೆ ನಡೆಯತೊಡಗಿದ.

ದೊರೆ ಹೆಸ್ಟರಳ ಹತ್ತಿರಕ್ಕೆ ಬಂದು ಹಲ್ಲು ಕಚ್ಚಿ ಹೇಳಿದ: “ನಾಳೆ ಬೆಳಗ್ಗೆ ಅಲ್ಲ. ಈಗಲೇ. ಕೀಲಿಕೈ ಕೊಡು. ಈಗ.”

ಹೆಸ್ಟರ್ ಷರಾಯಿಯ ಜೇಬಿಗೆ ಕೈ ಹಾಕಿದಳು. ಹಳೇ ಕಬ್ಬಿಣದ ಕೀಲಿಕೈ, ತಾತನ ಕಾಲದ್ದು. ದೊರೆ ಅಂಗೈ ಚಾಚಿದ. ಅವಳು ಆ ಅಂಗೈಯನ್ನು ನೋಡಿದಳು. ಕಾಲ ಬುಡದಲ್ಲೇ ಗೊರಸು ಬಗೆದ ಒಂದು ಗುಂಡಿ ಇತ್ತು. ಕೀಲಿಕೈಯನ್ನು ಅದರೊಳಕ್ಕೆ ಹಾಕಿದಳು, ಪಕ್ಕದಲ್ಲಿ ಬಿದ್ದಿದ್ದ ಹೆಂಟೆಯನ್ನು ಬೂಟಿನಿಂದ ಮಗುಚಿ ಮುಚ್ಚಿದಳು, ಹಿಮ್ಮಡಿಯೂರಿ ಒಂದು ಸಲ, ಎರಡು ಸಲ, ಮೂರು ಸಲ ತುಳಿದಳು. ಸುತ್ತ ನಿಂತಿದ್ದವರು ಮಾಡುತ್ತಿದ್ದುದಕ್ಕಿಂತ ಅಚ್ಚುಕಟ್ಟಾಗಿಯೇ ತುಳಿದಳು.

“ತಕ್ಕಳ್ಳಿ ದೊರೆ,” ಅಂದು ಟ್ಯಾನ್ಸಿಯನ್ನು ಅಲ್ಲೇ ಬಿಟ್ಟು ಅಪ್ಪನ ಕಡೆ ಹೊರಟಳು.

ದೊರೆ ಅವಳ ಹಿಂದೆ ಹತ್ತಾರು ಹೆಜ್ಜೆ ಓಡಿ, ಕೀಲಿಕೈ ನೆನಪಾಗಿ ತಿರುಗಿದ. ಅಷ್ಟು ಹೊತ್ತಿಗೆ ಆಟದ ಗಂಟೆ ಹೊಡೆಯಿತು. ಮೈದಾನದ ತುಂಬಾ ತುಳಿದು ಕೂರಿಸಿದ ನೂರಾರು ಹೆಂಟೆಗಳು. ಕೋಲು ಹಿಡಿದ ದೊರೆ ತಲೆ ಬಗ್ಗಿಸಿ ನೆಲವನ್ನೇ ಹುಡುಕುತ್ತಾ, ಯಾವುದರ ಕೆಳಗೆಂದು ಗೊತ್ತಾಗದೆ, ಒಂದು ಹೆಂಟೆಯನ್ನು ಬೂಟಿನಿಂದ ಕೆದಕಿದ, ಪಕ್ಕದ ಇನ್ನೊಂದನ್ನು ಕೆದಕಿದ.